ಒರಟು ಇಳಿಜಾರಿಗೆ ಎಂಥ ಮೌಂಟನ್ ಬೈಕ್ ಫ್ರೇಮ್? ಹಂತ ಹಂತವಾಗಿ ಆರಿಸುವ ದಾರಿ

ನಾನು ಇಳಿಜಾರಿಗೆಂದೇ ಕೊಂಡ ಮೊದಲ ಫ್ರೇಮ್ 200 ಮಿ.ಮೀ. ಟ್ರಾವೆಲ್‌ನದು, ಅಂದರೆ ಕಲ್ಲಿಗೆ ಬಡಿದಾಗ ಸಸ್ಪೆನ್ಷನ್ ಕುಸಿದು ಚಕ್ರ ಅಷ್ಟು ಮೇಲೆ ಸರಿಯಬಲ್ಲದು. ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಇಳಿಯುವಾಗ ಒಳ್ಳೆಯದೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಗುಡ್ಡದ ನೆತ್ತಿಗೆ ಕರೆದೊಯ್ಯಲು ವಾಹನ ಇರಲಿಲ್ಲ, ಸೀಟನ್ನು ಪೆಡಲ್ ತುಳಿಯುವಷ್ಟು ಏರಿಸಲು ಆಗುತ್ತಿರಲಿಲ್ಲ, ಏರು ಹತ್ತುವ ಗೇರೂ ಇರಲಿಲ್ಲ, ಹಾಗಾಗಿ ಐದು ನಿಮಿಷ ಇಳಿಯಲು ಮುಕ್ಕಾಲು ಗಂಟೆ ಬೈಕ್ ತಳ್ಳಿಕೊಂಡು ಹೋಗುತ್ತಿದ್ದೆ. ಇನ್ನೂ ತಮಾಷೆ ಏನೆಂದರೆ, ಆ ಜಾಡಿನಲ್ಲಿ ನನ್ನ ವೇಗಕ್ಕೆ 200ರಲ್ಲಿ 120 ಮಿ.ಮೀ. ಕೂಡ ಬಳಕೆಯಾಗುತ್ತಿರಲಿಲ್ಲ. ಹಿಂದಿನ ಸಸ್ಪೆನ್ಷನ್ನಿನ ಶಾಕ್ ಎಷ್ಟು ಕುಸಿಯಿತು ಅಂತ ತೋರಿಸುವ ರಬ್ಬರ್ ಉಂಗುರ ಪ್ರತಿ ಸಲ ಅದನ್ನೇ ಹೇಳುತ್ತಿತ್ತು. ನಾನು ನೋಡುತ್ತಿರಲಿಲ್ಲ ಅಷ್ಟೆ.

ಅದಕ್ಕೇ ಇಲ್ಲಿ ಟ್ರಾವೆಲ್ ಎಷ್ಟಿರಬೇಕು ಅನ್ನುವುದರಿಂದ ಶುರು ಮಾಡುವುದಿಲ್ಲ. ಆ ಸಂಖ್ಯೆ ತಾನಾಗಿಯೇ ಸಿಗುತ್ತದೆ, ಅದಕ್ಕೆ ಮುಂಚೆ ಎರಡು ವಿಷಯ ಇತ್ಯರ್ಥ ಆಗಬೇಕು.

ಹಂತ 1: ಜಾಡನ್ನು ಓದಿ, ಆಮೇಲೆ ಬೈಕ್ ನೋಡಿ

ಮೊದಲ ಪ್ರಶ್ನೆ: ಮೇಲೆ ಹತ್ತುವುದು ಹೇಗೆ? ಲಿಫ್ಟ್ ಅಥವಾ ಜೀಪು ನಿಮ್ಮನ್ನು ಮೇಲೆ ಬಿಡುತ್ತದೆ ಅಂದರೆ ಶುದ್ಧ ಡೌನ್‌ಹಿಲ್ ಫ್ರೇಮ್ ಬಗ್ಗೆ ಯೋಚಿಸಬಹುದು. ನೀವೇ ತುಳಿದು ಹತ್ತುತ್ತೀರಿ ಅಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಇದರಲ್ಲಿ ನಡುವಿನ ದಾರಿ ಇಲ್ಲ, ನಾನು ಹುಡುಕಿ ಸೋತಿದ್ದೇನೆ.

ಎರಡನೆಯದು: "ಒರಟು" ಅಂದರೆ ನಿಮ್ಮ ಕಡೆ ಏನು? ಬೇರುಗಳು, ಮುಷ್ಟಿ ಗಾತ್ರದ ಸಡಿಲ ಕಲ್ಲು, ಮಳೆ ನೀರು ಕೊರೆದ ಕೊರಕಲು, ಇವೆಲ್ಲ ಒಂದು ಬಗೆ. ಇಲ್ಲಿ ಕೈ ಕಾಲು ನಡುಗುತ್ತವೆ, ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಅಂಚು ಚೂಪಾಗಿರುವ ದೊಡ್ಡ ಬಂಡೆ, ಮೆಟ್ಟಿಲಿನಂಥ ಕಲ್ಲು, ಒಂದು ಮೀಟರ್ ಮೇಲಿನಿಂದ ಧುಮುಕುವ ಡ್ರಾಪ್, ಇದು ಬೇರೆ ಬಗೆ. ಕಲ್ಲೇ ಇಲ್ಲದಿದ್ದರೂ ಗೋಡೆಯ ಹಾಗೆ ಕಡಿದಾಗಿರುವುದು ಮೂರನೆಯದು. ಮೊದಲನೆಯದಕ್ಕೆ ಸೂಕ್ಷ್ಮವಾಗಿ ಕೆಲಸ ಮಾಡುವ ಸಸ್ಪೆನ್ಷನ್ ಬೇಕು, ಎರಡನೆಯದಕ್ಕೆ ಆಳವಾದ ಟ್ರಾವೆಲ್ ಮತ್ತು ಗಟ್ಟಿ ಫ್ರೇಮ್ ಬೇಕು, ಮೂರನೆಯದಕ್ಕೆ ಟ್ರಾವೆಲ್‌ಗಿಂತ ಫ್ರೇಮಿನ ಕೋನಗಳು ಮುಖ್ಯ. ಈ ಮೂರನ್ನೂ ಒಂದೇ ಮಾತಿನಲ್ಲಿ "ರಫ್" ಅಂದುಬಿಡುವುದರಿಂದಲೇ ಅರ್ಧ ಗೊಂದಲ.

ಅಪರೂಪಕ್ಕೆ ಹೋಗುವ ಅತಿ ಕಷ್ಟದ ಜಾಗ ಅಲ್ಲ, ಪ್ರತಿ ವಾರ ಹೋಗುವ ಜಾಡಿನ ಕಷ್ಟದ ಜಾಗ ಯಾವುದು ಅಂತ ನೋಡಿ. ವರ್ಷಕ್ಕೊಮ್ಮೆ ಹೋಗುವ ಬೆಟ್ಟಕ್ಕೆ ಬೈಕ್ ಬಾಡಿಗೆಗೆ ತಂದರಾಯಿತು.

ಇನ್ನೊಂದು ಅಳತೆಗೋಲು ಇದೆ, ಬಹಳ ಜನ ಗಮನಿಸುವುದಿಲ್ಲ. ಎಎಸ್‌ಟಿಎಂ ಅನ್ನುವ ಮಾನದಂಡ ಸಂಸ್ಥೆಯ ಎಫ್2043 ಅನ್ನುವ ನಿಯಮಾವಳಿ ಸೈಕಲ್‌ಗಳನ್ನು ಬಳಕೆಗೆ ತಕ್ಕಂತೆ ವರ್ಗ ಮಾಡುತ್ತದೆ. ಮೌಂಟನ್ ಬೈಕ್‌ಗೆ ಬರುವುದು ಹೆಚ್ಚಾಗಿ 3, 4, 5. ಮೂರನೇ ವರ್ಗದ ಫ್ರೇಮ್ 61 ಸೆಂ.ಮೀ.ವರೆಗಿನ ಡ್ರಾಪ್‌ಗೆ, ನಾಲ್ಕನೆಯದು 122 ಸೆಂ.ಮೀ.ವರೆಗೆ, ಐದನೆಯದು ಡೌನ್‌ಹಿಲ್, ಫ್ರೀರೈಡ್, ದೊಡ್ಡ ಜಂಪ್‌ಗಳಿಗೆ. ಫ್ರೇಮ್ ಮೇಲಿನ ಸ್ಟಿಕ್ಕರ್‌ನಲ್ಲೋ ಕೈಪಿಡಿಯಲ್ಲೋ ಸಾಮಾನ್ಯವಾಗಿ ಈ ಸಂಖ್ಯೆ ಇರುತ್ತದೆ. ನೋಡಲು ದಪ್ಪಗಿದೆ ಅಂತ ಮೂರನೇ ವರ್ಗದ ಫ್ರೇಮನ್ನು ಬಂಡೆ ಮೇಲಿಂದ ಧುಮುಕಿಸಿದರೆ ವಾರಂಟಿ ಕೇಳುವ ಮುಖ ಉಳಿಯುವುದಿಲ್ಲ.

ಹಂತ 2: ಹಾರ್ಡ್‌ಟೇಲೋ ಫುಲ್ ಸಸ್ಪೆನ್ಷನ್ನೋ

1976ರಲ್ಲಿ ಕ್ಯಾಲಿಫೋರ್ನಿಯಾದ ಟಮಾಲ್‌ಪೈಸ್ ಬೆಟ್ಟದ ಹತ್ತಿರ ರಿಪ್ಯಾಕ್ ಅನ್ನುವ ರೇಸ್ ಶುರುವಾದಾಗ ಯಾವ ಬೈಕ್‌ಗೂ ಇವತ್ತಿನಂಥ ಸಸ್ಪೆನ್ಷನ್ ಇರಲಿಲ್ಲ. ದಪ್ಪ ಟೈರಿನ ಹಳೇ ಸೈಕಲ್‌ಗಳು, ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಚಕ್ರದ ನಡುವಿನ ಹಬ್ ಒಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಿತ್ತು, ಆ ಹೆಸರು ಬಂದದ್ದೇ ಅದರಿಂದ. ಅಂದರೆ ಯಾವ ಫ್ರೇಮ್‌ನಲ್ಲಾದರೂ ಇಳಿಯಬಹುದು. ಎಷ್ಟು ಹೊತ್ತು, ಎಷ್ಟು ವೇಗದಲ್ಲಿ, ಮರುದಿನ ಮಂಡಿ ಸೊಂಟ ಹೇಗಿರುತ್ತವೆ ಅನ್ನುವುದು ಬೇರೆ ಮಾತು.

ಹಾರ್ಡ್‌ಟೇಲ್‌ಗೆ ಮುಂದೆ ಮಾತ್ರ ಸಸ್ಪೆನ್ಷನ್. ಒರಟು ಜಾಡಿನಲ್ಲಿ ಅದರ ನಿಜವಾದ ತೊಂದರೆ ಕಾಲಿಗೆ ಬೀಳುವ ಪೆಟ್ಟಲ್ಲ. ಮುಂದಿನ ಚಕ್ರ ಹಿಡಿದ ಫೋರ್ಕ್ ಕುಸಿದಾಗ ಬೈಕಿನ ಮುಂಭಾಗ ಮಾತ್ರ ಬಗ್ಗುತ್ತದೆ, ಹಿಂಭಾಗ ಅಲ್ಲೇ ನಿಲ್ಲುತ್ತದೆ. 65 ಡಿಗ್ರಿ ಇದ್ದ ಹೆಡ್ ಆಂಗಲ್ (ಫೋರ್ಕಿನ ಮೇಲ್ತುದಿ ಕೂರುವ ಹೆಡ್ ಟ್ಯೂಬ್ ನೆಲಕ್ಕೆ ಇರುವ ಕೋನ) 130 ಮಿ.ಮೀ. ಫೋರ್ಕ್ ಪೂರ್ತಿ ಕುಸಿದಾಗ 70 ದಾಟಿಬಿಡುತ್ತದೆ. ಭಯ ಆಗುವ ಜಾಗದಲ್ಲೇ ಬೈಕ್ ಮುಗ್ಗರಿಸುವ ಸ್ವಭಾವ ತೋರಿಸುತ್ತದೆ. ಹಿಂದೆಯೂ ಸಸ್ಪೆನ್ಷನ್ ಇದ್ದರೆ ಎರಡೂ ತುದಿ ಜೊತೆಗೆ ಕುಸಿಯುತ್ತವೆ, ಕೋನ ಅಷ್ಟಾಗಿ ಕೆಡುವುದಿಲ್ಲ. ಹಾರ್ಡ್‌ಟೇಲ್‌ಗೆ 160 ಫೋರ್ಕ್ ಹಾಕಿ "ಈಗ ಡೌನ್‌ಹಿಲ್‌ಗೆ ರೆಡಿ" ಅನ್ನುವವರು ಈ ಲೆಕ್ಕ ಮಾಡಿರುವುದಿಲ್ಲ. ನನ್ನ ಪ್ರಕಾರ ಹಾರ್ಡ್‌ಟೇಲ್‌ಗೆ 140 ಸಾಕು, ಬಹಳ ಜನಕ್ಕೆ 130 ಇನ್ನೂ ಒಳ್ಳೆಯದು.

ಹಾಗಂತ ಹಾರ್ಡ್‌ಟೇಲ್ ಬೇಡವೇ? ಬೇಕು. ಜಾಡು ಚಿಕ್ಕದಾಗಿದ್ದರೆ, ಕೆಸರು ಜಾಸ್ತಿಯಿದ್ದು ಬೇರಿಂಗ್ ಬದಲಿಸುವ ತಾಪತ್ರಯ ಬೇಡವಾಗಿದ್ದರೆ, ಬಜೆಟ್ ಬಿಗಿಯಿದ್ದರೆ ಅದೇ ಸರಿ. ಅಗ್ಗದ ಫುಲ್ ಸಸ್ಪೆನ್ಷನ್‌ಗಿಂತ ಅದೇ ದುಡ್ಡಿನ ಹಾರ್ಡ್‌ಟೇಲ್‌ನಲ್ಲಿ ಫೋರ್ಕ್, ಬ್ರೇಕ್ ಎರಡೂ ಒಂದು ಮೆಟ್ಟಿಲು ಮೇಲಿನವು ಸಿಗುತ್ತವೆ. ಹಿಂದೆ 2.4 ಅಥವಾ 2.5 ಇಂಚಿನ ಟೈರ್, ಟ್ಯೂಬ್‌ಲೆಸ್, ಒಳಗೆ ಫೋಮ್ ಇನ್ಸರ್ಟ್ ಹಾಕಿದರೆ ರಿಮ್ ಉಳಿಯುತ್ತದೆ. ಹಾರ್ಡ್‌ಟೇಲ್‌ನಲ್ಲಿ ಕಲಿತವರಿಗೆ ಕಲ್ಲುಗಳ ನಡುವೆ ದಾರಿ ಆರಿಸುವ ಕಣ್ಣು ಬೇಗ ಬರುತ್ತದೆ ಅನ್ನುವುದೂ ನಿಜ. ತಪ್ಪು ಮಾಡಿದರೆ ಬೈಕ್ ಕ್ಷಮಿಸುವುದಿಲ್ಲವಲ್ಲ.

ಆದರೆ ವಾರಕ್ಕೆ ಎರಡು ಮೂರು ಸಲ, ಹತ್ತು ನಿಮಿಷಕ್ಕಿಂತ ಉದ್ದದ ಕಲ್ಲಿನ ಇಳಿಜಾರು ಅಂದರೆ ಫುಲ್ ಸಸ್ಪೆನ್ಷನ್ ತೆಗೆದುಕೊಳ್ಳಿ. ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿದ್ದರೆ ಬ್ರೇಕ್ ಹಿಡಿಯುತ್ತದೆ. ಚಕ್ರ ಗಾಳಿಯಲ್ಲಿದ್ದರೆ ಎಷ್ಟು ಒಳ್ಳೆಯ ಬ್ರೇಕ್ ಇದ್ದೂ ಏನು ಪ್ರಯೋಜನ?

ಹಂತ 3: ಈಗ ಟ್ರಾವೆಲ್

ಮೇಲಿನ ಎರಡು ಉತ್ತರ ಕೈಯಲ್ಲಿದ್ದರೆ ಇದು ಸುಲಭ. ಹಿಂದಿನ ಚಕ್ರದ ಟ್ರಾವೆಲ್ 100–120 ಮಿ.ಮೀ. ಇದ್ದರೆ ಕ್ರಾಸ್ ಕಂಟ್ರಿ, ನಮ್ಮ ಕೆಲಸಕ್ಕೆ ಅಲ್ಲ. 130–150 ಟ್ರೇಲ್ ಬೈಕ್. 150–180 ಎಂಡ್ಯೂರೊ. 200ರ ಆಸುಪಾಸು ಡೌನ್‌ಹಿಲ್. ತುಳಿದು ಹತ್ತಿ, ಬೇರು ಮತ್ತು ಸಡಿಲ ಕಲ್ಲಿನಲ್ಲಿ ಇಳಿಯುವವರಿಗೆ 140–150. ಅದರ ಜೊತೆ ಬಂಡೆ, ಡ್ರಾಪ್ ಕೂಡ ಇದ್ದರೆ 160. ಯಾವುದೋ ಒಂದೇ ಫ್ರೇಮ್ ಹೇಳಿ ಅಂದರೆ ನಾನು ಕಣ್ಣು ಮುಚ್ಚಿ 160 ಹಿಂದೆ, 170 ಮುಂದೆ ಅನ್ನುತ್ತೇನೆ. 170–180ಕ್ಕೆ ಹೋಗುವುದು ಬೈಕ್ ಪಾರ್ಕ್‌ನಲ್ಲಿ ಅರ್ಧ ಜೀವನ ಕಳೆಯುವವರು.

ಜಾಸ್ತಿ ಟ್ರಾವೆಲ್‌ಗೆ ಬೆಲೆ ಇದೆ. ತೂಕ ಹೆಚ್ಚು. ಜಂಪ್ ಮಾಡಲು ಒತ್ತಿದರೆ ಒತ್ತಿದ್ದು ಶಾಕ್‌ನಲ್ಲೇ ಇಂಗಿಹೋಗುತ್ತದೆ, ಬೈಕ್ ಮೇಲೇಳುವುದಿಲ್ಲ. ನಿಧಾನ ಜಾಡಿನಲ್ಲಿ ದೋಣಿ ನಡೆಸಿದ ಹಾಗೆ ಅನ್ನಿಸುತ್ತದೆ.

ಹಂತ 4: ಹಿಂದಿನ ಸಸ್ಪೆನ್ಷನ್ ಯಾವ ಬಗೆಯದು

ಒಂದೇ 160 ಮಿ.ಮೀ. ಇರುವ ಎರಡು ಫ್ರೇಮ್ ಇಳಿಜಾರಿನಲ್ಲಿ ಎರಡು ಬೇರೆ ಪ್ರಾಣಿಗಳ ಹಾಗೆ ನಡೆದುಕೊಳ್ಳುತ್ತವೆ. ಕಾರಣ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಸಿಂಗಲ್ ಪಿವಟ್ ಅತಿ ಸರಳ. ಹಿಂದಿನ ಚಕ್ರ ಹಿಡಿದ ತೋಳು ಒಂದೇ ಕೀಲಿನ ಮೇಲೆ ತಿರುಗುತ್ತದೆ. ಬೇರಿಂಗ್ ಕಡಿಮೆ, ಕೆಸರಿಗೆ ಹೆದರುವುದಿಲ್ಲ, ರಿಪೇರಿ ಸುಲಭ. ತೊಂದರೆ ಬ್ರೇಕ್ ಹಿಡಿದಾಗ. ಬ್ರೇಕಿನ ಬಲ ಆ ತೋಳನ್ನೇ ಎಳೆಯುವುದರಿಂದ ಬಹಳಷ್ಟು ಸಿಂಗಲ್ ಪಿವಟ್‌ಗಳಲ್ಲಿ ಹಿಂಭಾಗ ಕುಳಿತು ಬಿಗಿಯಾಗುತ್ತದೆ, ಬ್ರೇಕ್ ಹಿಡಿದೇ ಇಳಿಯಬೇಕಾದ ಕಲ್ಲಿನ ಜಾಗದಲ್ಲಿ ಸಸ್ಪೆನ್ಷನ್ ಸತ್ತ ಹಾಗಾಗುತ್ತದೆ. ಕೆಲವರಿಗೆ ಇದು ಇಷ್ಟ, ಕಡಿದಾದ ಕಡೆ ಹಿಂಭಾಗ ಕೆಳಗೇ ಇರುತ್ತದಲ್ಲ. ಅಭ್ಯಾಸದ ಮಾತು.

ನಾಲ್ಕು ಕೀಲಿನ ಹಾರ್ಸ್ಟ್ ಲಿಂಕ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ, ಚೈನ್‌ಸ್ಟೇ (ಚೈನ್ ಪಕ್ಕದ ಕೆಳಗಿನ ಕೊಳವೆ) ಮೇಲೆ ಇನ್ನೊಂದು ಕೀಲು ಇರುತ್ತದೆ. ಬ್ರೇಕ್ ಹಿಡಿದರೂ ಚಕ್ರ ಮೇಲೆ ಕೆಳಗೆ ಆರಾಮಾಗಿ ಆಡುತ್ತದೆ. ಹಾರ್ಸ್ಟ್ ಲೈಟ್ನರ್ ಇದನ್ನು ರೂಪಿಸಿದವರು, 1998ರಲ್ಲಿ ಸ್ಪೆಷಲೈಸ್ಡ್ ಕಂಪನಿ ಪೇಟೆಂಟ್ ಕೊಂಡಿತು, 2013ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಎಲ್ಲರೂ ಬಳಸಲು ಶುರು ಮಾಡಿದರು. ಅದಕ್ಕೇ ಇವತ್ತು ಎಲ್ಲಿ ನೋಡಿದರೂ ಇದೇ ಕಾಣುತ್ತದೆ. ಎಚ್ಚರ: ಆ ಕೀಲು ಚೈನ್‌ಸ್ಟೇ ಮೇಲೆ ಇಲ್ಲದೆ, ಆಕ್ಸಲ್‌ಗಿಂತ ಮೇಲೆ ಸೀಟ್‌ಸ್ಟೇ (ಸೀಟಿನತ್ತ ಏರುವ ಕೊಳವೆ) ಮೇಲಿದ್ದರೆ ಅದು ನಾಲ್ಕು ಕೀಲಿನ ವೇಷ ಹಾಕಿದ ಸಿಂಗಲ್ ಪಿವಟ್. ಬಗ್ಗಿ ನೋಡಿದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಎರಡು ಗಿಡ್ಡ ಲಿಂಕ್‌ಗಳ ಬಗೆಗಳೂ ಇವೆ: ವಿಪಿಪಿ, ಡಿಡಬ್ಲ್ಯೂ ಲಿಂಕ್ ಮುಂತಾದವು. ಪೆಡಲ್ ತುಳಿದಾಗ ಕುಸಿಯುವುದು ಕಡಿಮೆ, ಹತ್ತಲು ಚುರುಕು. ಆದರೆ ಸಸ್ಪೆನ್ಷನ್ ಕುಸಿದಾಗ ಚೈನ್ ಎಳೆದು ಪೆಡಲ್ ಹಿಂದಕ್ಕೆ ಒದೆಯುವುದು ಕೆಲವು ಫ್ರೇಮ್‌ಗಳಲ್ಲಿ ಪಾದಕ್ಕೆ ತಟ್ಟುತ್ತದೆ. ಲಿಂಕ್‌ಗಳು ಕೆಳಗೆ, ಕೆಸರು ಸಿಡಿಯುವ ಜಾಗದಲ್ಲೇ ಇರುವುದರಿಂದ ಬೇರಿಂಗ್ ಮೇಲೆ ಕಣ್ಣಿಡಬೇಕು.

ಇನ್ನು ಹೈ ಪಿವಟ್. ಮುಖ್ಯ ಕೀಲು ಚೈನ್‌ರಿಂಗ್‌ಗಿಂತ (ಪೆಡಲ್ ಬಳಿಯ ಹಲ್ಲಿನ ಚಕ್ರ) ಬಹಳ ಮೇಲಿರುತ್ತದೆ. ಚಕ್ರ ಕಲ್ಲಿಗೆ ಬಡಿದಾಗ ಬರೀ ಮೇಲಕ್ಕೆ ಹೋಗದೆ ಹಿಂದಕ್ಕೂ ಸರಿಯುತ್ತದೆ. ಚೂಪು ಅಂಚಿನ ಬಂಡೆಗೆ ಇದರಷ್ಟು ಒಳ್ಳೆಯ ಮದ್ದು ಇಲ್ಲ, ವೇಗ ಹಿಡಿದು ನಿಲ್ಲಿಸುವುದೇ ಇಲ್ಲ. ಚಕ್ರ ಹಿಂದಕ್ಕೆ ಹೋದರೆ ಚೈನ್ ಸಾಲದಾಗುತ್ತದೆ, ಅದಕ್ಕೆ ಐಡ್ಲರ್ ಅನ್ನುವ ಸಣ್ಣ ಹಲ್ಲಿನ ಚಕ್ರದ ಮೇಲೆ ಚೈನ್ ಹಾಯಿಸುತ್ತಾರೆ. ಅದರ ಸದ್ದು, ಅದರ ಎಳೆತ, ಅದರ ಶುಚಿ, ಮೂರೂ ನಿಮ್ಮ ತಲೆನೋವು. ಸಸ್ಪೆನ್ಷನ್ ಕುಸಿದಾಗ ಬೈಕ್ ಉದ್ದವಾಗುವುದರಿಂದ ಬಿಗಿ ತಿರುವಿನಲ್ಲಿ ಸ್ವಲ್ಪ ಸೋಮಾರಿ. ಜಾಡು ವೇಗದ್ದಾಗಿದ್ದು ಬಂಡೆಗಳೇ ತುಂಬಿದ್ದರೆ ಮಾತ್ರ ತೆಗೆದುಕೊಳ್ಳಿ.

ಹೆಸರಿಗಿಂತ ಒಂದು ಲೆಕ್ಕ ಮಾಡಿ ನೋಡಿ. ಹಿಂದಿನ ಟ್ರಾವೆಲ್ ಅನ್ನು ಶಾಕ್‌ನ ಸ್ಟ್ರೋಕ್‌ನಿಂದ, ಅಂದರೆ ಶಾಕ್ ತಾನು ಕುಸಿಯಬಲ್ಲ ಉದ್ದದಿಂದ, ಭಾಗಿಸಿ. 160 ಟ್ರಾವೆಲ್, 65 ಸ್ಟ್ರೋಕ್ ಇದ್ದರೆ ಸುಮಾರು 2.46. ಇದು ಸರಾಸರಿ ಲೆವರೇಜ್ ರೇಶಿಯೊ. ಸಂಖ್ಯೆ ಚಿಕ್ಕದಿದ್ದಷ್ಟೂ ಶಾಕ್ ಮೇಲೆ ಹೊರೆ ಕಡಿಮೆ. ನಿಮ್ಮ ಮೈತೂಕ ಜಾಸ್ತಿ ಇದ್ದರೆ 3ರ ಹತ್ತಿರ ಬರುವ ಫ್ರೇಮ್ ಬೇಡ, ಶಾಕ್‌ಗೆ ವಿಪರೀತ ಗಾಳಿ ತುಂಬಬೇಕಾಗುತ್ತದೆ. ಈ ರೇಶಿಯೊ ಟ್ರಾವೆಲ್‌ನ ಶುರುವಿನಿಂದ ಕೊನೆಗೆ ಎಷ್ಟು ಇಳಿಯುತ್ತದೆ ಅನ್ನುವುದೂ ಮುಖ್ಯ. ಶೇಕಡಾ 20–25 ಇಳಿದರೆ ಫ್ರೇಮ್ ಕೊನೆಗೆ ತಾನೇ ಗಟ್ಟಿಯಾಗುತ್ತದೆ, ಕಾಯಿಲ್ ಸ್ಪ್ರಿಂಗ್ ಶಾಕ್ ಹಾಕಬಹುದು. ಅಷ್ಟು ಇಳಿಯದಿದ್ದರೆ ಏರ್ ಶಾಕ್‌ನಲ್ಲೇ ಇರಿ, ಇಲ್ಲದಿದ್ದರೆ ಪ್ರತಿ ಡ್ರಾಪ್‌ಗೂ ತಳ ಬಡಿಯುತ್ತದೆ.

ಹಂತ 5: ಕೋನ ಮತ್ತು ಉದ್ದ

ಹೆಡ್ ಆಂಗಲ್ ಕಡಿಮೆಯಾದಷ್ಟೂ ಮುಂದಿನ ಚಕ್ರ ನಿಮ್ಮಿಂದ ದೂರ ಹೋಗುತ್ತದೆ, ಕಡಿದಾದ ಕಡೆ ತಲೆ ಕೆಳಗಾಗುವ ಭಯ ತಗ್ಗುತ್ತದೆ. ಟ್ರೇಲ್ ಬೈಕ್‌ಗೆ 64.5–66, ಎಂಡ್ಯೂರೊಗೆ 63–64.5, ಡೌನ್‌ಹಿಲ್‌ಗೆ 62–63.5 ಡಿಗ್ರಿ ಈಗಿನ ವಾಡಿಕೆ. ಹಳೇ ಫ್ರೇಮ್ ಕೊಳ್ಳುವವರು ಇಲ್ಲೇ ಎಡವುವುದು. 2010ರ ಸುಮಾರಿನ 160 ಮಿ.ಮೀ. ಫ್ರೇಮ್‌ಗಳಲ್ಲಿ 66–67 ಡಿಗ್ರಿ ಸಾಮಾನ್ಯ. ಟ್ರಾವೆಲ್ ಅಷ್ಟೇ ಇದ್ದರೂ ಅವು ಇಳಿಜಾರಿನಲ್ಲಿ ಇವತ್ತಿನ 140ರ ಫ್ರೇಮ್‌ಗಿಂತ ಹೆದರಿಸುತ್ತವೆ. ನನ್ನ ಕೇಳಿದರೆ ಹೊಸ ಕಾಲದ 140 ಸಾಕು, ಹಳೇ 160 ಬೇಡ.

ಅಳತೆ ಆರಿಸುವಾಗ ನಿಮ್ಮ ಎತ್ತರದ ಪಟ್ಟಿ ನೋಡಿ ಸುಮ್ನೆ ಒಪ್ಪಿಕೊಳ್ಳಬೇಡಿ. ಇಳಿಯುವಾಗ ನೀವು ಸೀಟಿನ ಮೇಲೆ ಕೂತಿರುವುದಿಲ್ಲ, ಪೆಡಲ್ ಮೇಲೆ ನಿಂತಿರುತ್ತೀರಿ. ನಿಂತಾಗ ಲೆಕ್ಕಕ್ಕೆ ಬರುವುದು ರೀಚ್ ಮತ್ತು ಸ್ಟ್ಯಾಕ್. ರೀಚ್ ಅಂದರೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ (ಬಾಟಮ್ ಬ್ರಾಕೆಟ್, ಚಿಕ್ಕದಾಗಿ ಬಿಬಿ) ನಡುವಿನಿಂದ ಹೆಡ್ ಟ್ಯೂಬ್ ಮೇಲ್ತುದಿಗೆ ಅಡ್ಡ ದೂರ, ಸ್ಟ್ಯಾಕ್ ಅಂದರೆ ಅದೇ ಜಾಗಕ್ಕೆ ಎತ್ತರ. ರೀಚ್ ಉದ್ದವಿದ್ದರೆ ವೇಗದಲ್ಲಿ ನೆಮ್ಮದಿ, ತೀರಾ ಉದ್ದವಾದರೆ ಮುಂದಿನ ಚಕ್ರದ ಮೇಲೆ ಭಾರ ಹಾಕಲಾಗದೆ ತಿರುವಿನಲ್ಲಿ ಅದು ಜಾರಿಕೊಂಡು ಹೋಗುತ್ತದೆ. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ, ಜಾಡು ನೇರ ಮತ್ತು ವೇಗದ್ದಾದರೆ ದೊಡ್ಡದು, ತಿರುವು ಜಾಸ್ತಿ ಇದ್ದರೆ ಚಿಕ್ಕದು. ಸ್ಟ್ಯಾಕ್ ಕಡಿಮೆಯಿದ್ದರೆ ಎತ್ತರದ ಹ್ಯಾಂಡಲ್‌ಬಾರ್ ಹಾಕಿ ಸರಿಮಾಡಬಹುದು, ರೀಚ್ ಕಡಿಮೆಯಿದ್ದರೆ ಹೆಚ್ಚೇನೂ ಮಾಡಲಾಗುವುದಿಲ್ಲ.

ತುಳಿದು ಹತ್ತುವವರಾದರೆ ಸೀಟ್ ಟ್ಯೂಬಿನ ಕೋನ 76 ಡಿಗ್ರಿಗಿಂತ ಕಡಿಮೆ ಬೇಡ. ಸೀಟ್ ಟ್ಯೂಬ್ ಗಿಡ್ಡವಾಗಿರಲಿ, ಉದ್ದದ ಡ್ರಾಪರ್ ಪೋಸ್ಟ್ ಹಾಕಿ ಇಳಿಯುವಾಗ ಸೀಟನ್ನು ಪೂರ್ತಿ ಕೆಳಗಿಳಿಸಬಹುದು. ಬಿಬಿ ಎತ್ತರ 340–350 ಮಿ.ಮೀ. ಇದ್ದರೆ ಸರಿ. ಅದಕ್ಕಿಂತ ಕೆಳಗಿದ್ದರೆ ತಿರುವು ಮಜಾ, ಕಲ್ಲಿನಲ್ಲಿ ಪೆಡಲ್ ಬಡಿದು ಬೆರಳು ಜಜ್ಜುವುದೂ ಗ್ಯಾರಂಟಿ.

ಹಂತ 6: ಚಕ್ರ

29 ಇಂಚು ಕಲ್ಲಿನ ಮೇಲೆ ಸಲೀಸಾಗಿ ಉರುಳುತ್ತದೆ. 27.5 ಚುರುಕು. ಮುಂದೆ 29, ಹಿಂದೆ 27.5 ಹಾಕುವುದಕ್ಕೆ ಮಲೆಟ್ ಅನ್ನುತ್ತಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ರೇಸ್‌ಗಳಲ್ಲಿ 2019ರಿಂದ ಇದಕ್ಕೆ ಒಪ್ಪಿಗೆ ಸಿಕ್ಕಿತು. ಕುಳ್ಳಗಿರುವವರಿಗೆ ಕಡಿದಾದ ಜಾಗದಲ್ಲಿ ಹಿಂದಿನ ಟೈರ್ ಚಡ್ಡಿಗೆ ತಾಗುವ ಕಾಟ ತಪ್ಪುತ್ತದೆ, ನಗಬೇಡಿ, ತಾಗಿದವರಿಗೇ ಗೊತ್ತು. ಆದರೆ 29ಕ್ಕೆಂದೇ ಮಾಡಿದ ಫ್ರೇಮ್‌ಗೆ ಹಿಂದೆ 27.5 ತೂರಿಸಿದರೆ ಆಕ್ಸಲ್ ಸುಮಾರು 19 ಮಿ.ಮೀ. ಇಳಿಯುತ್ತದೆ, ಬಿಬಿ 12 ಮಿ.ಮೀ.ನಷ್ಟು ಕೆಳಗೆ ಬರುತ್ತದೆ, ಹೆಡ್ ಆಂಗಲ್ ಒಂದು ಡಿಗ್ರಿ ಹತ್ತಿರ ಬದಲಾಗುತ್ತದೆ. ಫ್ಲಿಪ್ ಚಿಪ್ (ತಿರುಗಿಸಿ ಹಾಕಿ ಫ್ರೇಮಿನ ಕೋನ ಹೊಂದಿಸುವ ತುಣುಕು) ಕೊಟ್ಟಿರುವ ಫ್ರೇಮ್‌ನಲ್ಲಿ ಮಾತ್ರ ಮಾಡಿ.

ಹಂತ 7: ಅಲ್ಯೂಮಿನಿಯಮ್, ಕಾರ್ಬನ್, ಸ್ಟೀಲ್

ಒರಟು ಇಳಿಜಾರಿಗೆ, ಸ್ವಂತ ದುಡ್ಡಿನಲ್ಲಿ, ನಾನು ಅಲ್ಯೂಮಿನಿಯಮ್ ತೆಗೆದುಕೊಳ್ಳುತ್ತೇನೆ. ಕಲ್ಲು ಬಿದ್ದರೆ ತಗ್ಗಾಗುತ್ತದೆ, ತಗ್ಗು ಕಣ್ಣಿಗೆ ಕಾಣುತ್ತದೆ. ಉಳಿದ ದುಡ್ಡಿಗೆ ಒಳ್ಳೆಯ ಶಾಕ್ ಬರುತ್ತದೆ. ಕಾರ್ಬನ್ ದುರ್ಬಲ ಅನ್ನುವುದು ತಪ್ಪು ಕಲ್ಪನೆ, ಡೌನ್‌ಹಿಲ್ ರೇಸ್ ಫ್ರೇಮ್‌ಗಳಲ್ಲಿ ಎಷ್ಟೋ ಕಾರ್ಬನ್‌ನವೇ. ಹಗುರ, ಬಿಗಿ, ರಿಪೇರಿಯೂ ಆಗುತ್ತದೆ. ಅದರ ಕಷ್ಟ ಏನೆಂದರೆ ಒಂದೇ ಜಾಗಕ್ಕೆ ಚೂಪು ಪೆಟ್ಟು ಬಿದ್ದಾಗ ಒಳಗಿನ ಪದರ ಬಿಟ್ಟುಕೊಂಡಿದ್ದರೂ ಮೇಲೆ ಗೀರು ಮಾತ್ರ ಕಾಣಬಹುದು. ಹೆಡ್ ಟ್ಯೂಬಿನಿಂದ ಬಿಬಿಗೆ ಇಳಿಯುವ ಡೌನ್ ಟ್ಯೂಬ್ ಕೆಳಗೆ ರಬ್ಬರ್ ಕವಚ ಇಲ್ಲದ ಕಾರ್ಬನ್ ಫ್ರೇಮ್ ಬೇಡವೇ ಬೇಡ. 4130 ಕ್ರೋಮೋಲಿ ಸ್ಟೀಲ್ ಹಾರ್ಡ್‌ಟೇಲ್‌ಗೆ ಸೊಗಸು, ತೂಕ ಸಹಿಸಿಕೊಂಡರೆ.

ಹಂತ 8: ಹೊಂದುತ್ತದೋ ಇಲ್ಲವೋ

ಬರೀ ಫ್ರೇಮ್ ಕೊಂಡು ಹಳೇ ಬೈಕಿನ ಭಾಗ ಹಾಕುವವರು ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹಿಂದಿನ ಹಬ್ (ಅಚ್ಚಿನ ದಪ್ಪ × ಹಬ್ಬಿನ ಅಗಲ, ಮಿ.ಮೀ.ನಲ್ಲಿ) 12×148 ಬೂಸ್ಟೋ, 12×157ಓ, ಹಳೇ 12×142ಓ? ಶಾಕ್‌ನ ಉದ್ದ ಮತ್ತು ಸ್ಟ್ರೋಕ್ ಎಷ್ಟು? ಬಿಬಿ ತಿರುಪಿನದೋ ಒತ್ತಿ ಕೂರಿಸುವುದೋ? ತಿರುಪಿನದೇ ಸಿಕ್ಕರೆ ಪುಣ್ಯ, ಕಿರುಗುಟ್ಟುವುದು ಕಡಿಮೆ.

ಫೋರ್ಕ್ ವಿಷಯದಲ್ಲಿ ಹಟ ಬೇಡ. ಫ್ರೇಮ್‌ಗೆ ಗರಿಷ್ಠ ಇಷ್ಟು ಮಿ.ಮೀ. ಅಂತ ಕಂಪನಿ ಹೇಳಿರುತ್ತದೆ. 10 ಮಿ.ಮೀ. ಉದ್ದ ಹೆಚ್ಚಿಸಿದರೆ ಹೆಡ್ ಆಂಗಲ್ ಅರ್ಧ ಡಿಗ್ರಿಗೆ ಹತ್ತಿರ ಇಳಿಯುತ್ತದೆ, ಅದು ಬೇಕಾದದ್ದೇ. ಆದರೆ ಮಿತಿ ದಾಟಿದರೆ ಹೆಡ್ ಟ್ಯೂಬ್ ಬೆಸುಗೆಯ ಮೇಲೆ ಬೀಳುವ ಬಗ್ಗಿಸುವ ಬಲ ಕೂಡ ಏರುತ್ತದೆ. ಹೆಡ್ ಟ್ಯೂಬಿನ ಮೇಲೂ ಕೆಳಗೂ ಹಿಡಿಯುವ ಎರಡು ಕ್ರೌನ್‌ನ ಡೌನ್‌ಹಿಲ್ ಫೋರ್ಕ್ ಅಂತೂ ಕೈಪಿಡಿಯಲ್ಲಿ ಸ್ಪಷ್ಟವಾಗಿ ಒಪ್ಪಿಗೆ ಬರೆದಿದ್ದರೆ ಮಾತ್ರ.

ಹಂತ 9: ಬಳಸಿದ ಫ್ರೇಮ್ ಆದರೆ

ತೊಳೆದ ಮೇಲೆ, ಟಾರ್ಚ್ ಹಿಡಿದು ನೋಡಿ. ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್ ಸೇರುವ ಬೆಸುಗೆ, ಶಾಕ್ ಕೂರುವ ಕಿವಿಗಳು, ಬಿಬಿ ಹಿಂದಿನ ಚೈನ್‌ಸ್ಟೇ ಸೇತುವೆ, ಪ್ರತಿ ಕೀಲಿನ ಸುತ್ತ. ಗೆರೆ ಕಂಡರೆ ಉಗುರಿನಿಂದ ಗೀರಿ. ಉಗುರು ಸಿಕ್ಕಿಕೊಂಡರೆ ಅದು ಬರೀ ಬಣ್ಣದ ಬಿರುಕು ಅಂತ ನಂಬಬೇಡಿ. ಕಾರ್ಬನ್ ಆದರೆ ನಾಣ್ಯದಿಂದ ಮೆಲ್ಲಗೆ ಕುಟ್ಟುತ್ತಾ ಹೋಗಿ, ಟಣ್ ಟಣ್ ಅನ್ನುತ್ತಿದ್ದದ್ದು ಒಂದೇ ಕಡೆ ಬದ್ ಅಂದರೆ ಅಲ್ಲಿ ಏನೋ ಇದೆ. ಅಂದವಾಗಿ ಕೂರಿಸಿದ ಹೊಸ ಸ್ಟಿಕ್ಕರ್ ಇದ್ದರೆ ಕಿತ್ತು ತೋರಿಸಿ ಅನ್ನಿ. ನಾನು ಸಂಕೋಚ ಪಟ್ಟು ಕೇಳಲಿಲ್ಲ. ಎರಡನೇ ತಿಂಗಳು ಸ್ಟಿಕ್ಕರ್ ತಾನೇ ಹರಿಯಿತು, ಜೊತೆಗೆ ಅದರ ಕೆಳಗಿನ ಟ್ಯೂಬೂ.

ಆಮೇಲೆ ಚಕ್ರ ನೆಲದ ಮೇಲಿರುವಾಗ ಸೀಟನ್ನು ಹಿಡಿದು ಸ್ವಲ್ಪವೇ ಮೇಲೆತ್ತಿ. ಟಕ್ ಅಂತ ಸದ್ದಾದರೆ ಬೇರಿಂಗೋ ಶಾಕ್‌ನ ಬುಷ್ಷೋ ಸವೆದಿದೆ. ಇದು ಬದಲಿಸಬಹುದಾದದ್ದು, ಬೆಲೆ ಇಳಿಸಲು ನೆಪ. ಬಿರುಕು ಇದ್ದರೆ ಚೌಕಾಸಿ ಬೇಡ, ಎದ್ದು ಬನ್ನಿ.

ಹಂತ 10: ಕೂತು, ನಿಂತು, ಇಳಿದು ನೋಡಿ

ಸವಾರಿಗೆ ಮುಂಚೆ ಸ್ಯಾಗ್ ಹೊಂದಿಸಿ. ನಿಮ್ಮ ಭಾರಕ್ಕೇ ಶಾಕ್ ಎಷ್ಟು ಕುಸಿಯುತ್ತದೆ ಅನ್ನುವುದೇ ಸ್ಯಾಗ್. ಹಿಂದೆ ಶೇಕಡಾ 30 ಇಟ್ಟುಕೊಳ್ಳಿ, 65 ಮಿ.ಮೀ. ಸ್ಟ್ರೋಕ್‌ಗೆ 19–20 ಮಿ.ಮೀ. ಮುಂದೆ ಶೇಕಡಾ 20ರ ಹತ್ತಿರ. ಇದನ್ನು ಮಾಡದೆ ಓಡಿಸಿ "ಈ ಫ್ರೇಮ್ ಸರಿಯಿಲ್ಲ" ಅನ್ನುವುದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ನಿಮಗೆ ಚೆನ್ನಾಗಿ ಗೊತ್ತಿರುವ ಜಾಡಿನಲ್ಲೇ ಓಡಿಸಿ. ಬ್ರೇಕ್ ಹಿಡಿದು ಕಲ್ಲಿನ ಜಾಗ ಇಳಿಯಿರಿ, ಅದೇ ಜಾಗದಲ್ಲಿ ಬ್ರೇಕ್ ಬಿಟ್ಟು ಇಳಿಯಿರಿ, ಎರಡರಲ್ಲೂ ಹಿಂಭಾಗ ಹೇಗೆ ನಡೆದುಕೊಂಡಿತು ಗಮನಿಸಿ. ಚಪ್ಪಟೆ ತಿರುವಿನಲ್ಲಿ ಮುಂದಿನ ಚಕ್ರ ಕಚ್ಚಿಕೊಂಡಿತೇ? ಕೊನೆಗೆ ರಬ್ಬರ್ ಉಂಗುರ ಎಲ್ಲಿ ನಿಂತಿದೆ ನೋಡಿ. ಪೂರ್ತಿ ತುದಿಗೆ ಒಂದೆರಡು ಸಲ ಮುಟ್ಟಿದ್ದರೆ ಟ್ರಾವೆಲ್ ನಿಮಗೆ ಸರಿಯಾಗಿದೆ. ನಡುವಲ್ಲೇ ನಿಂತಿದ್ದರೆ ಟ್ರಾವೆಲ್ ಒಂದು ಮೆಟ್ಟಿಲು ಕಡಿಮೆ ಇರುವ ಫ್ರೇಮ್ ಓಡಿಸಿ ನೋಡಿ. ನನಗೆ ಆ ಉಂಗುರ ಹೇಳುತ್ತಿದ್ದದ್ದು ಇದನ್ನೇ.

ಕೊಂಡ ಮೇಲೆ ಮೊದಲ ಮೂರು ನಾಲ್ಕು ಸವಾರಿ ಆದಮೇಲೆ ಪಿವಟ್ ಬೋಲ್ಟ್‌ಗಳನ್ನೆಲ್ಲ ಟಾರ್ಕ್ ರೆಂಚ್ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ನನ್ನ ಈಗಿನ ಫ್ರೇಮ್‌ನಲ್ಲಿ ಮೂರನೇ ಸವಾರಿಗೇ ಒಂದು ಬೋಲ್ಟ್ ಅರ್ಧ ಸುತ್ತು ಸಡಿಲವಾಗಿತ್ತು. ಆ ಕಿರ್ ಕಿರ್ ಸದ್ದು ಫ್ರೇಮ್ ಬಿರುಕಿನದೇ ಅಂತ ಎರಡು ದಿನ ನಿದ್ದೆ ಕೆಡಿಸಿಕೊಂಡಿದ್ದೆ.